ಅವತಾರವೆಂಬ ಮಾತು ಮತ್ತು ಒಂದು ಕಾರ್ಟೂನಿನ ಬೆಳ್ಳಿತೆರೆ ಪ್ರವೇಶ



ಮಾತನಾಡಲು ಬನ್ನಿರೆಂದು ಕೂಟದ ಕಾರ್ಯದರ್ಶಿಗಳು ಕರೆದಾಗ, ನಾವು ಪಂಪನ ಕುರಿತೋ ವಚನಗಳ ಕುರಿತೋ ನಾಲ್ಕು ಮಾತು ಹೇಳಬಹುದೆಂದು ಅವರು ಎಣಿಸಿದ್ದರೆಂದು ತೋರುತ್ತದೆ. ಮಕ್ಕಳ ಕಾರ್ಟೂನೊಂದರ ವಿಷಯ ಎಂದು ತಿಳಿಸಿದೊಡನೆ ದೂರವಾಣಿಯ ಆ ಬದಿಯಲ್ಲಿ ತುಸು ಹೊತ್ತು ಮೌನ ನೆಲೆಸಿತು. ಬಳಿಕ, "ಆಗಲಿ, ಮಕ್ಕಳೂ ಬರುತ್ತಾರಲ್ಲ" ಎಂದು ಸೌಜನ್ಯದಿಂದ ಒಪ್ಪಿದರು. ಆದರೆ ಇಂದಿನ ಮಾತು ಮಕ್ಕಳಿಗಾಗಿ ಅಲ್ಲ. ನಾವು ಹೇಳಹೊರಟಿರುವ ಮಕ್ಕಳು ಈಗ ದೊಡ್ಡವರಾಗಿ ಕೆಲಸಕ್ಕೆ ಸೇರಿದ್ದಾರೆ. ಅವರನ್ನು ಅಂದು ಚಿತ್ರಮಂದಿರಕ್ಕೆ ಕರೆದೊಯ್ದು, ಹಿಂದಿರುಗುವಾಗ ಕಾರಿನಲ್ಲಿ ಉತ್ತರ ಹೇಳಲಾಗದೆ ಕುಳಿತ ತಂದೆತಾಯಿಗಳಿಗಾಗಿ ಈ ಮಾತು.

ಕಾರ್ಟೂನಿನ ಹೆಸರು 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್'. ನಿಕೆಲೋಡಿಯನ್ ವಾಹಿನಿಯಲ್ಲಿ 2005ರ ಫೆಬ್ರವರಿ 21ರಂದು ಆರಂಭವಾಗಿ 2008ರ ಜುಲೈ 19ರಂದು ಮುಗಿಯಿತು. ಜಲ, ಭೂಮಿ, ಅಗ್ನಿ ಎಂಬ ಮೂರು ಸಂಪುಟಗಳು. ಒಟ್ಟು 61 ಕಂತುಗಳು. ಅದರ ಮೊದಲ ಸಂಪುಟವನ್ನು ಆಧರಿಸಿ 2010ರ ಜುಲೈ 1ರಂದು ತೆರೆಕಂಡ ಚಲಚ್ಚಿತ್ರ 'ದಿ ಲಾಸ್ಟ್ ಏರ್‌ಬೆಂಡರ್'. ('ಅವತಾರ್' ಎಂಬ ಮೊದಲ ಪದವನ್ನು ಬಿಟ್ಟುಕೊಡಬೇಕಾಯಿತು, ಜೇಮ್ಸ್ ಕ್ಯಾಮರೂನರ ನೀಲಿ ಮೈಯ ಜನ 2009ರ ಡಿಸೆಂಬರಿನಲ್ಲಿಯೇ ಬಂದು ಆ ಹೆಸರಿನ ಮೇಲೆ ಕುಳಿತಾಗಿತ್ತು.) ಚಿತ್ರಕಥೆ ಬರೆದು ನಿರ್ದೇಶಿಸಿದವರು ಎಂ. ನೈಟ್ ಶ್ಯಾಮಲನ್, 1970ರಲ್ಲಿ ಮಾಹೆಯಲ್ಲಿ ಹುಟ್ಟಿ, ಪೆನ್ಸಿಲ್ವೇನಿಯದಲ್ಲಿ ಬೆಳೆದವರು. ವೆಚ್ಚ 15 ಕೋಟಿ ಡಾಲರುಗಳು. ನೀರು ಬೆಂಕಿಗಳ ಮಾಯಾಚಿತ್ರಣವೆಲ್ಲ ಇಲ್ಲಿಯೇ, ಸ್ಯಾನ್ ಫ್ರಾನ್ಸಿಸ್ಕೋದ ಪ್ರೆಸಿಡಿಯೋದಲ್ಲಿರುವ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆಯದು. ಭಾರತೀಯ ಮೂಲದ ನಿರ್ದೇಶಕ, ಭಾರತೀಯ ಪದವೊಂದರ ಸುತ್ತ ಹೆಣೆದ ಕಥೆ, ನಮ್ಮ ಊರಿನ ನುರಿತ ತಂತ್ರಜ್ಞರು. ಇಷ್ಟೆಲ್ಲ ಕೂಡಿದ್ದರೂ ಆ ಚಿತ್ರ ಅದೇ ಕಥೆಯನ್ನು ಪ್ರೀತಿಸಿದ ಮಕ್ಕಳ ಮುಖವನ್ನು ಬಾಡಿಸಿತು. ಅದು ಹೇಗೆ ಸಾಧ್ಯವಾಯಿತೆಂಬುದನ್ನು ಬಿಡಿಸಿ ನೋಡುವುದು ನಮ್ಮ ಉದ್ದೇಶ.

ಕಾರ್ಟೂನನ್ನು ಕಾಣದ ಹಿರಿಯರಿಗಾಗಿ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇವೆ. ಆ ಲೋಕದಲ್ಲಿ ನಾಲ್ಕು ಜನಪದಗಳು. ಒಂದೊಂದು ಜನಪದದಲ್ಲಿಯೂ ಒಂದೊಂದು ಭೂತವನ್ನು, ಎಂದರೆ ನೀರು, ಮಣ್ಣು, ಬೆಂಕಿ, ಗಾಳಿಗಳನ್ನು, ಅಂಗಚಲನೆಯಿಂದಲೇ ಬಾಗಿಸಿ ನಡೆಸಬಲ್ಲ ವಿದ್ಯಾವಂತರಿದ್ದಾರೆ. (ಪಂಚಭೂತಗಳಲ್ಲಿ ಆಕಾಶವೆಲ್ಲಿ ಎಂದು ನೀವು ಕೇಳಬಹುದು. ನಾವೂ ಕೇಳಿದೆವು.) ನಾಲ್ಕನ್ನೂ ಬಲ್ಲವನು ಒಬ್ಬನೇ, ಅವನಿಗೆ ಅವತಾರ್ ಎಂದು ಹೆಸರು. ಅಗ್ನಿಜನಪದ ಲೋಕವನ್ನೆಲ್ಲ ಗೆಲ್ಲಲು ಯುದ್ಧ ಹೂಡಿದ ಕಾಲಕ್ಕೆ ಈ ಅವತಾರ್ ಕಾಣೆಯಾಗುತ್ತಾನೆ. ನೂರು ವರ್ಷಗಳ ಬಳಿಕ ದಕ್ಷಿಣ ಧ್ರುವದ ಅಣ್ಣ ತಂಗಿಯರಿಬ್ಬರು, ಸೊಕ್ಕಾ ಮತ್ತು ಕಟಾರಾ, ಹಿಮಗಡ್ಡೆಯೊಳಗಿಂದ ಅವನನ್ನು ಹೊರತೆಗೆಯುತ್ತಾರೆ. ನೋಡಿದರೆ ಹನ್ನೆರಡು ವರ್ಷದ ಹುಡುಗ. ಎಚ್ಚರಗೊಂಡವನು ಮೊದಲು ಬಯಸುವುದು ಲೋಕೋದ್ಧಾರವನ್ನಲ್ಲ. ಪೆಂಗ್ವಿನ್‌ಗಳ ಬೆನ್ನೇರಿ ಹಿಮದ ಇಳಿಜಾರಿನಲ್ಲಿ ಜಾರುವ ಆಟವನ್ನು. ಅವನ ಹೆಸರು ಆ್ಯಂಗ್. ಅವನನ್ನು ಹಿಡಿದು ತಂದರೆ ಮಾತ್ರ ತಂದೆ ಮನೆಗೆ ಸೇರಿಸುವನೆಂದು ಬೆನ್ನುಹತ್ತಿದ ದೇಶಭ್ರಷ್ಟ ರಾಜಕುಮಾರ ಜೂಕೋ. ತಂದೆಯೇ ಸುಟ್ಟ ಗಾಯದ ಕಲೆ ಅವನ ಮುಖದ ಮೇಲಿದೆ.

ಈ ಕಥೆ ನಮ್ಮ ಮನೆಗಳನ್ನು ಹೊಕ್ಕ ಬಗೆ ವಿಚಿತ್ರವಾದುದು. ನಮ್ಮ ಮಗನಿಗೆ ಆಗ ಆರು ವರ್ಷ, ಮಗಳಿಗೆ ಒಂಬತ್ತು. ಶಾಲೆಯಲ್ಲಿ ಊಟದ ಡಬ್ಬಿ ತೆರೆದಾಗ, ನೀನೇಕೆ ಮಾಂಸ ತಿನ್ನುವುದಿಲ್ಲವೆಂಬ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದ ಹುಡುಗನಿಗೆ, ಅಮೆರಿಕದ ದೂರದರ್ಶನದಲ್ಲಿ ಶಾಕಾಹಾರಿಯಾದ ನಾಯಕನೊಬ್ಬ ಸಿಕ್ಕಿದ. ತಲೆ ಬೋಳಿಸಿಕೊಂಡ ಆ ನಾಯಕ ಉಪನಯನ ಮುಗಿಸಿಬಂದ ವಟುವಿನಂತಿದ್ದ. ಅವನು ಏರಿ ಹಾರುವ ಆರು ಕಾಲಿನ ಕಾಡುಕೋಣದ ಹೆಸರಂತೂ 'ಅಪ್ಪ'! ಕಂತು ಕಂತಿನಲ್ಲಿಯೂ ಆ್ಯಂಗ್ "ಅಪ್ಪಾ" ಎಂದು ಕೂಗುವನು. ಮೈತುಂಬ ರೋಮವಿರುವ ಭಾರಿ ಪ್ರಾಣಿಯೊಂದು ಗುರುಗುಟ್ಟುತ್ತ ಬರುವುದು. ಮಕ್ಕಳಿಬ್ಬರೂ ನಮ್ಮತ್ತ ತಿರುಗಿ ನಗುವರು. ಬೆಂಕಿಯ ವಿದ್ಯಾವಂತರ ದ್ವಂದ್ವಯುದ್ಧಕ್ಕೆ 'ಅಗ್ನಿ ಕೈ' ಎಂದು ಹೆಸರು. ಇದು ಕನ್ನಡವೇ ಅಲ್ಲವೆ ಎಂದು ಮಗಳು ವಾದಿಸಿದಳು. ಅಲ್ಲವೆಂದು ನಮಗೆ ತಿಳಿದಿದ್ದರೂ ಹೇಳಲು ಮನಸ್ಸಾಗಲಿಲ್ಲ. ಎರಡನೆಯ ಸಂಪುಟದಲ್ಲಿ ಗುರು ಪಥಿಕ್ ಎಂಬ ಮುದುಕ ಬಂದು ಏಳು ಚಕ್ರಗಳ ಪಾಠ ಹೇಳಿ, ಈರುಳ್ಳಿ ಬಾಳೆಹಣ್ಣು ಕಲೆಸಿದ ಪಾನಕ ಕುಡಿಸುವಾಗ ಮನೆಯವರೆಲ್ಲ ಬಿದ್ದು ಬಿದ್ದು ನಕ್ಕೆವು.

2007ರಲ್ಲಿ ಸಾಗರದ ಕಡೆಯಿಂದ ನಮ್ಮ ತಾಯಿಯವರು ಬಂದು ಆರು ತಿಂಗಳು ಇದ್ದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ರಾತ್ರಿಯಿಡೀ ಆಟ ನೋಡಿ ಬೆಳೆದವರು. ಕಥೆಯ ನಡೆಯನ್ನು ಹಿಡಿಯಲು ಭಾಷೆಯ ಹಂಗು ಅವರಿಗೆ ಅಷ್ಟಾಗಿ ಬೇಕಿರಲಿಲ್ಲ. ಮೊದಲ ದಿನವೇ ಮೊಮ್ಮಗನನ್ನು ಕೇಳಿದರು: "ಅವತಾರ ಅಂತೀಯಲ್ಲ ಮಗಾ, ಯಾರ ಅವತಾರ?" ಹುಡುಗ ತಬ್ಬಿಬ್ಬಾದ. "ಯಾರದ್ದೂ ಅಲ್ಲ ಅಜ್ಜಿ. ಅವನು ಸತ್ತ ಮೇಲೆ ಮತ್ತೆ ಹುಟ್ಟುತ್ತಾನೆ." ಅಜ್ಜಿ ತಲೆಯಾಡಿಸಿದರು. "ಹಾಗಾದರೆ ಅದು ಅವತಾರ ಅಲ್ಲ, ಪುನರ್ಜನ್ಮ."

ಅವರ ಮಾತು ಸರಿಯಾಗಿತ್ತು. ಅವತಾರವೆಂದರೆ ಮೇಲಿನಿಂದ ಕೆಳಗೆ ಇಳಿದುಬರುವುದು. ಇಳಿದುಬರಲು ಮೇಲೊಬ್ಬನು ಇರಬೇಕು. ಆ್ಯಂಗ್‌ನದು ಅದಲ್ಲ. ಸಾವಿರಾರು ಆಟಿಕೆಗಳ ನಡುವೆ ಹಿಂದಿನ ಅವತಾರ್‌ಗಳ ನಾಲ್ಕು ಆಟಿಕೆಗಳನ್ನೇ ಮಗುವೊಂದು ಆರಿಸಿಕೊಂಡಿತೆಂದು ಭಿಕ್ಷುಗಳು ಅದನ್ನು ಗುರುತಿಸುವ ಆ ಪ್ರಸಂಗ ದಲೈ ಲಾಮಾ ಅವರನ್ನು ಹುಡುಕುವ ಟಿಬೆಟ್ಟಿನ ಪದ್ಧತಿಯಿಂದ ಬಂದದ್ದು. ಪದ ನಮ್ಮದು, ಅರ್ಥ ಅವರದು. ಈ ಪದ ಅಮೆರಿಕದಲ್ಲಿ ಅಲೆದಾಡಿದ ದಾರಿಯೂ ಸ್ವಾರಸ್ಯವಾಗಿದೆ. ಗಣಕಯಂತ್ರದ ಪರದೆಯ ಮೇಲೆ ನಮ್ಮ ಪರವಾಗಿ ಓಡಾಡುವ ಬೊಂಬೆಗೆ ಅವತಾರ್ ಎಂದು ಹೆಸರಿಟ್ಟವರಲ್ಲಿ ಮೊದಲಿಗರು 1986ರ ಸುಮಾರಿನಲ್ಲಿ 'ಹ್ಯಾಬಿಟ್ಯಾಟ್' ಎಂಬ ಆಟವನ್ನು ರೂಪಿಸಿದ ಲೂಕಾಸ್‌ಫಿಲ್ಮ್ ಗೇಮ್ಸ್‌ನವರು. ಅವರ ಠಾವು ಗೋಲ್ಡನ್ ಗೇಟ್ ಸೇತುವೆಯ ಆಚೆ ದಡದ ಮರೀನ್ ಕೌಂಟಿ. ಹೀಗೆ ವೈಕುಂಠದಿಂದ ಇಳಿದ ಪದ ನಮ್ಮ ಕೊಲ್ಲಿಯ ದಡದಲ್ಲಿ ಆಟಿಕೆಯಾಗಿ, ಅಲ್ಲಿಂದ ಕಾರ್ಟೂನಾಗಿ, 'ಆ್ಯವಟಾರ್' ಎಂಬ ಉಚ್ಚಾರಣೆಯನ್ನು ಹೊತ್ತು ನಮ್ಮ ಮಕ್ಕಳ ಬಾಯಿಗೆ ಮರಳಿತು.

ಅಜ್ಜಿಯ ಇನ್ನೊಂದು ಪ್ರಶ್ನೆಯನ್ನು ಹೇಳದೆ ಮುಂದುವರಿಯಲಾರೆವು. ಜೂಕೋನ ಜೊತೆಗೆ ಒಬ್ಬ ದಪ್ಪ ಹೊಟ್ಟೆಯ ಮುದುಕನಿದ್ದಾನೆ. ಚಹಾ ಎಂದರೆ ಅವನಿಗೆ ಪಂಚಪ್ರಾಣ. ಹೆಸರು ಐರೋ. ಮಕ್ಕಳು ಅವನನ್ನು 'ಅಂಕಲ್' ಎನ್ನುತ್ತಿದ್ದರು. "ಅಂಕಲ್ ಅಂದರೆ ಚಿಕ್ಕಪ್ಪನೋ, ದೊಡ್ಡಪ್ಪನೋ, ಸೋದರಮಾವನೋ?" ಎಂದರು ಅಜ್ಜಿ. ವಿಚಾರಿಸಿದಾಗ ಅವನು ರಾಜನ ಅಣ್ಣ. "ದೊಡ್ಡಪ್ಪ! ಹಾಗಾದರೆ ರಾಜ್ಯ ಅವನಿಗೆ ಸಲ್ಲಬೇಕಿತ್ತಲ್ಲ!" ಇಂಗ್ಲಿಷಿನ ಒಂದೇ ಪದದಲ್ಲಿ ಅಡಗಿಕೊಂಡಿದ್ದ ಭಾರತಕಥೆ ಒಮ್ಮೆಲೇ ಹೊರಬಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಅವನು ದೊಡ್ಡಪ್ಪ. ಆ ಪಾತ್ರಕ್ಕೆ ಕಂಠದಾನ ಮಾಡಿದ ಹಿರಿಯ ನಟ ಮಾಕೋ 2006ರ ಜುಲೈನಲ್ಲಿ ತೀರಿಕೊಂಡರು. ಎರಡನೆಯ ಸಂಪುಟದ ಒಂದು ಕಂತಿನಲ್ಲಿ ದೊಡ್ಡಪ್ಪ ದಿನವೆಲ್ಲ ಊರಿನವರಿಗೆ ಉಪಕಾರ ಮಾಡುತ್ತ ಅಲೆದು, ಸಂಜೆ ಗುಡ್ಡದ ಮೇಲಿನ ಮರದಡಿಯಲ್ಲಿ, ಯುದ್ಧದಲ್ಲಿ ಮಡಿದ ಮಗನ ಚಿತ್ರದ ಮುಂದೆ ಕುಳಿತು ಅಳುತ್ತಾನೆ. ಆ ತುಣುಕನ್ನು ಮಾಕೋ ಅವರ ನೆನಪಿಗೆ ಅರ್ಪಿಸಲಾಗಿದೆ. ಮಾತು ಒಂದೂ ತಿಳಿಯದಿದ್ದರೂ ನಮ್ಮ ತಾಯಿಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮಕ್ಕಳ ಕಾರ್ಟೂನೆಂದರೆ ಇದು!

ಇಂಥದನ್ನು ಕಟ್ಟಿದವರು ಮೈಕೇಲ್ ಡಾಂಟೆ ಡಿಮಾರ್ಟಿನೊ ಮತ್ತು ಬ್ರಯಾನ್ ಕೊನಿಯೆಟ್ಜ್‌ಕೊ ಎಂಬಿಬ್ಬರು. ಇಬ್ಬರೂ ಏಷ್ಯದವರಲ್ಲ, ತಾವು ಪರಕೀಯರೆಂಬ ಅರಿವು ಅವರಲ್ಲಿತ್ತೆಂಬುದಕ್ಕೆ ಅವರು ಪಟ್ಟ ಶ್ರಮವೇ ಸಾಕ್ಷಿ. ತೆರೆಯ ಮೇಲೆ ಕಾಣುವ ಚೀನೀ ಲಿಪಿಯನ್ನು ವಿದ್ವಾಂಸರಾದ ಸಿಯು-ಲ್ಯುಂಗ್ ಲೀ ಅವರಿಂದ ಬರೆಸಿದರು. ಸಿಫು ಕಿಸು ಎಂಬ ಗುರುಗಳನ್ನು ಇರಿಸಿಕೊಂಡು ಒಂದೊಂದು ಭೂತಕ್ಕೂ ಒಂದೊಂದು ನಿಜವಾದ ಚೀನೀ ಯುದ್ಧಕಲೆಯನ್ನು ಹೊಂದಿಸಿದರು: ನೀರಿಗೆ ತಾಯ್ ಚಿ, ಮಣ್ಣಿಗೆ ಹಂಗ್ ಗಾರ್, ಬೆಂಕಿಗೆ ಉತ್ತರ ಶಾವೊಲಿನ್, ಗಾಳಿಗೆ ಸದಾ ಸುತ್ತುತ್ತಲೇ ಇರುವ ಬಾಗುವಾ. ಚಿತ್ರಗಳಿಗೆ ಜೀವ ತುಂಬಿದವರು ದಕ್ಷಿಣ ಕೊರಿಯದ ಸ್ಟುಡಿಯೋಗಳವರು. ಜೂಕೋಗೆ ಕಂಠ ನೀಡಿದ ಡಾಂಟೆ ಬಾಸ್ಕೊ ಫಿಲಿಪೀನೀ ಮೂಲದವರು; ಹುಟ್ಟಿದ್ದು ಇಲ್ಲಿಯೇ ಕೊಲ್ಲಿಯ ಪೂರ್ವಕ್ಕಿರುವ ಪಿಟ್ಸ್‌ಬರ್ಗ್ ಊರಿನಲ್ಲಿ. ಮುಗಿದ ವರ್ಷ ಆ ಸರಣಿಗೆ ಪೀಬಡಿ ಪ್ರಶಸ್ತಿ ಬಂದಿತು.

ಶ್ಯಾಮಲನ್ ಅವರು ಚಿತ್ರ ಮಾಡುತ್ತಾರೆಂಬ ಸುದ್ದಿ ಹಬ್ಬಿದಾಗ ಸಂತೋಷಪಟ್ಟವರಲ್ಲಿ ನಾವೂ ಒಬ್ಬರು. 'ದಿ ಸಿಕ್ಸ್ತ್ ಸೆನ್ಸ್' ಮಾಡಿದ ಮನುಷ್ಯ. ಅದರಲ್ಲಿ ಒಬ್ಬ ಬಾಲಕನಿಂದ ಎಂಥ ಅಭಿನಯ ತೆಗೆಸಿದ್ದರು! ಮಗಳ ಮೂಲಕವೇ ಅವರಿಗೆ ಈ ಕಾರ್ಟೂನಿನ ಪರಿಚಯವಾದದ್ದು. ಆಕೆ ಹ್ಯಾಲೊವೀನಿಗೆ ಕಟಾರಾಳ ವೇಷ ಹಾಕಬೇಕೆಂದಳಂತೆ. ನಮ್ಮ ಮನೆಯ ಕಥೆಯೇ ಅಲ್ಲಿಯೂ ನಡೆದಿತ್ತು. ನಮ್ಮ ಮಗ ಎರಡು ವರ್ಷ ಮುಂಡಲೆಯ ಮೇಲೆ ನೀಲಿ ಬಾಣ ಬರೆಸಿಕೊಂಡು ಮನೆಮನೆಗೆ ಹೋಗಿ ಮಿಠಾಯಿ ತಂದವನು.

2008ರ ಡಿಸೆಂಬರಿನಲ್ಲಿ ಪಾತ್ರವರ್ಗ ಪ್ರಕಟವಾಯಿತು. ನಾಲ್ಕು ಮುಖ್ಯ ಪಾತ್ರಗಳಿಗೂ ಬಿಳಿಯ ನಟರು. ಕಾರ್ಟೂನಿನಲ್ಲಿ ಕಟಾರಾ, ಸೊಕ್ಕಾ ಕಂದು ಮೈಬಣ್ಣದವರು. ಅವರ ಉಡುಗೆ, ಮನೆ, ದೋಣಿಗಳೆಲ್ಲ ಧ್ರುವಪ್ರದೇಶದ ಇನ್ಯುಯಿಟ್ ಜನರದ್ದು. ಕೋಪಗೊಂಡ ಅಭಿಮಾನಿಗಳು ಪತ್ರಚಳವಳಿ ಹೂಡಿದರು. 2009ರ ಆರಂಭದಲ್ಲಿ ಒಂದು ಬದಲಾವಣೆಯಾಯಿತು: ಜೂಕೋನ ಪಾತ್ರವನ್ನು ಬಿಟ್ಟ ಬಿಳಿಯ ಗಾಯಕನೊಬ್ಬನ ಸ್ಥಾನಕ್ಕೆ 'ಸ್ಲಂಡಾಗ್ ಮಿಲಿಯನೇರ್'ನ ದೇವ್ ಪಟೇಲ್ ಬಂದರು. ಅಗ್ನಿಜನಪದದ ಸೇನಾನಿ ಝಾವೋ ಆಗಿ ಮುಂಬಯಿಯಲ್ಲಿ ಹುಟ್ಟಿದ ಆಸಿಫ್ ಮಾಂಡ್ವಿ, ದೊಡ್ಡಪ್ಪನಾಗಿ ಇರಾನ್ ಮೂಲದ ಶಾನ್ ಟೌಬ್, ರಾಜನಾಗಿ ನ್ಯೂಜಿಲೆಂಡಿನ ಮಾವೊರಿ ನಟ ಕ್ಲಿಫ್ ಕರ್ಟಿಸ್. ಕಾಪಾಡುವವರು ಬಿಳಿಯರು, ಅಟ್ಟಿಬರುವವರು ನಾವು.

ಈ ವಿಚಾರದಲ್ಲಿ ಎದ್ದ ದನಿಗಳಲ್ಲೊಂದು ನಮ್ಮ ನೆರೆಯದೇ. ಓಕ್ಲೆಂಡಿನ ಪ್ರೌಢಶಾಲೆಯೊಂದರಲ್ಲಿ ಗಣಕವಿಜ್ಞಾನ ಕಲಿಸುತ್ತಿದ್ದ ಜೀನ್ ಲ್ಯುಯೆನ್ ಯಾಂಗ್ ಅವರು 'ಅಮೆರಿಕನ್ ಬಾರ್ನ್ ಚೈನೀಸ್' ಎಂಬ ಚಿತ್ರಕಾದಂಬರಿಯಿಂದ ಆಗಲೇ ಹೆಸರಾಗಿದ್ದರು. ಕಾರ್ಟೂನನ್ನು ಬಹುವಾಗಿ ಮೆಚ್ಚಿದ್ದ ಅವರು ತಾವೇಕೆ ಈ ಚಿತ್ರವನ್ನು ನೋಡುವುದಿಲ್ಲವೆಂಬುದನ್ನು ವ್ಯಂಗ್ಯಚಿತ್ರಗಳಲ್ಲಿಯೇ ಬರೆದು ತಿಳಿಸಿದರು. ನಾವು ಅಷ್ಟು ಗಟ್ಟಿಗರಲ್ಲ. ಹೋದೆವು.

ಹೋದದ್ದು ಮಿಲ್ಪಿಟಾಸ್‌ಗೆ, ಬಿಡುಗಡೆಯಾದ ವಾರಾಂತ್ಯದಲ್ಲಿ, ಎರಡು ಮನೆಗಳವರು ಕೂಡಿ. ನಮ್ಮ ತಾಯಿಯವರು ಎರಡನೆಯ ಸಲ ಬಂದಿದ್ದರು. ತಮ್ಮ ಕನ್ನಡಕದ ಮೇಲೆ ಮೂರು ಆಯಾಮದ ಕನ್ನಡಕವನ್ನೂ ಏರಿಸಿಕೊಂಡು ಕುಳಿತರು. ಚಿತ್ರವನ್ನು ಮೂರು ಆಯಾಮಕ್ಕೆಂದು ತೆಗೆದಿರಲೇ ಇಲ್ಲ. ಚಿತ್ರೀಕರಣವೆಲ್ಲ ಮುಗಿದ ಮೇಲೆ, ಕ್ಯಾಮರೂನರ ಯಶಸ್ಸು ಕಂಡು, ಅವಸರದಿಂದ ಪರಿವರ್ತಿಸಲಾಗಿತ್ತು. ಹಗಲಿನ ದೃಶ್ಯಗಳೂ ಮೋಡ ಮುಸುಕಿದಂತೆ ಮಬ್ಬಾಗಿ ಕಂಡವು. ಮೊದಲ ಅರ್ಧ ಗಂಟೆ ಮಕ್ಕಳು ಪಿಸುಮಾತಿನಲ್ಲಿ ತಪ್ಪುಗಳನ್ನು ಎಣಿಸಿದರು. ಆಮೇಲೆ ಎಣಿಸುವುದನ್ನೂ ಬಿಟ್ಟರು.

ಎಲ್ಲಿ ತಪ್ಪಿತು? ಮೊದಲು ಎಲ್ಲಿ ತಪ್ಪಲಿಲ್ಲವೆಂಬುದನ್ನು ನೋಡೋಣ. ಉಚ್ಚಾರಣೆಯಲ್ಲಿ ತಪ್ಪಲಿಲ್ಲ. ಕಾರ್ಟೂನಿನಲ್ಲಿ 'ಆ್ಯಂಗ್' ಆಗಿದ್ದವನು ಚಿತ್ರದಲ್ಲಿ 'ಆಂಗ್' ಆದ. ಸೊಕ್ಕಾ 'ಸೋಕಾ' ಆದ. ಐರೋ 'ಈರೋ' ಆದ. 'ಆ್ಯವಟಾರ್' ಎಂಬುದು ನಮ್ಮ ಅವತಾರಕ್ಕೆ ಹತ್ತಿರದ ಉಚ್ಚಾರವನ್ನು ಪಡೆಯಿತು. ಏಷ್ಯದ ಜನ ಹೇಗೆ ಹೇಳುವರೋ ಹಾಗೆಯೇ ಹೇಳಿಸಿದ್ದೇನೆಂಬುದು ಶ್ಯಾಮಲನ್ ಅವರ ಸಮರ್ಥನೆ. ಕನ್ನಡ ಕಲಿಸುವ ನಮ್ಮ ತರಗತಿಗಳಲ್ಲಿ ಲ-ಳ ಭೇದಕ್ಕಾಗಿ ಹೆಣಗುವ ನಮಗೆ ಇದು ಪ್ರಿಯವಾಗಬೇಕಾದ ಕಾರ್ಯ. ಆದರೆ ಮಕ್ಕಳಿಗೆ ಅದು ತಮ್ಮ ಗೆಳೆಯನ ಹೆಸರನ್ನು ಅಪರಿಚಿತರು ತಿದ್ದಿದಂತೆ ಕೇಳಿಸಿತು. ಆ ಶುದ್ಧ ಹೆಸರುಗಳನ್ನು ಹೇಳುವ ಬಾಯಿಗಳಾದರೂ ಯಾರವು? ನಾಲಗೆಗೆ ಏಷ್ಯದ ಉಚ್ಚಾರ ಬೇಕು, ಮುಖಕ್ಕೆ ಬೇಡ ಎಂಬಂತಾಯಿತು. ಧ್ರುವಪ್ರದೇಶದ ಹಳ್ಳಿಯಲ್ಲಿ ಸುತ್ತ ನಿಂತ ಜನರೆಲ್ಲ ಅಲ್ಲಿನ ಮೂಲನಿವಾಸಿಗಳಂತೆ ಇದ್ದಾರೆ; ನಡುವಿನ ಒಂದು ಮನೆಯವರು ಮಾತ್ರ, ಅಜ್ಜಿಯೂ ಸೇರಿ, ಬಿಳಿಯರು. ಏಕೆಂದು ಚಿತ್ರ ಹೇಳುವುದಿಲ್ಲ.

ಎರಡನೆಯದು ಕಾಲದ ಲೆಕ್ಕ. ಮೊದಲ ಸಂಪುಟದ 20 ಕಂತುಗಳೆಂದರೆ ಏಳು ಗಂಟೆಗಳಿಗೂ ಮಿಕ್ಕ ಕಥೆ. ಚಿತ್ರ 103 ನಿಮಿಷಗಳದು. ಇದನ್ನೇ ಮುಖ್ಯ ಕಾರಣವೆಂದು ಹಲವರು ಹೇಳುತ್ತಾರೆ. ನಮಗೆ ಪೂರ್ತಿ ಒಪ್ಪಿಗೆಯಿಲ್ಲ. ರಾತ್ರಿಯಿಡೀ ನಡೆಯುತ್ತಿದ್ದ ಯಕ್ಷಗಾನ ಪ್ರಸಂಗಗಳನ್ನು ಎರಡೂವರೆ ಮೂರು ಗಂಟೆಗಳ ಕಾಲಮಿತಿಗೆ ಇಳಿಸಿದ್ದನ್ನು ನಾವು ಕಂಡಿಲ್ಲವೆ? ಬಲ್ಲ ಭಾಗವತರು ಪದ್ಯಗಳನ್ನು ಬಿಡುತ್ತಾರೆ, ಒಡ್ಡೋಲಗವನ್ನು ಚಿಕ್ಕದು ಮಾಡುತ್ತಾರೆ, ಒಂದೆರಡು ಯುದ್ಧಗಳನ್ನು ಹಾರಿಸುತ್ತಾರೆ. ಆದರೆ ಎರಡು ಪಾತ್ರಗಳು ಎದುರುಬದುರು ನಿಂತು ಅರ್ಥ ಹೇಳುವ ಸಂಧಿಯನ್ನು ಮುಟ್ಟುವುದಿಲ್ಲ; ಹಾಸ್ಯಗಾರನನ್ನು ಮನೆಗೆ ಕಳಿಸುವುದಿಲ್ಲ. ಈ ಚಿತ್ರದಲ್ಲಿ ಆದದ್ದು ತಿರುಗುಮುರುಗು. ಸಂಭಾಷಣೆಯ ಜಾಗದಲ್ಲಿ ವರದಿ ಬಂದು ಕೂತಿತು. ಸೊಕ್ಕಾ ಮತ್ತು ಉತ್ತರ ಧ್ರುವದ ರಾಜಕುಮಾರಿಯ ನಡುವೆ ಒಲವು ಮೂಡಿತೆಂಬುದನ್ನು ನಾವು ಕಾಣುವುದೇ ಇಲ್ಲ. ಅವರು ಕೂಡಲೇ ಸ್ನೇಹಿತರಾದರೆಂದು ಕಟಾರಾಳ ಹಿನ್ನೆಲೆ ದನಿ ಒಂದು ವಾಕ್ಯದಲ್ಲಿ ತಿಳಿಸಿಬಿಡುತ್ತದೆ. ಆ ರಾಜಕುಮಾರಿ ಮುಂದೆ ಪ್ರಾಣವನ್ನೇ ಕೊಡುವಾಗ ಅಳಲು ನಮಗೆ ಹೇಗೆ ಸಾಧ್ಯ?

ನಗು ಹೋದದ್ದು ಇನ್ನೂ ದೊಡ್ಡ ನಷ್ಟ. ಇದನ್ನು ತುಸು ವಿಸ್ತಾರವಾಗಿ ಹೇಳಬೇಕು. ಕಾರ್ಟೂನಿನ ಮೂರನೆಯ ಕಂತಿನಲ್ಲಿ ಆ್ಯಂಗ್ ತಾನು ಬೆಳೆದ ವಾಯುಮಂದಿರಕ್ಕೆ ಮರಳುತ್ತಾನೆ. ಅಲ್ಲಿ ಅವನಿಗೆ ನೆನಪಾಗುವುದು ತನ್ನ ಗುರು ಗ್ಯಾಟ್ಸೊ. ಈ ಮುದಿ ಭಿಕ್ಷು ಶಿಷ್ಯನಿಗೆ ಮೊದಲು ಕಲಿಸುವ ಪಾಠ, ಗಾಳಿಯನ್ನು ಬಾಗಿಸಿ ಕೇಕುಗಳನ್ನು ಹಾರಿಸಿ ಧ್ಯಾನಕ್ಕೆ ಕುಳಿತ ಇತರ ಭಿಕ್ಷುಗಳ ಬೋಳು ತಲೆಯ ಮೇಲೆ ಬೀಳಿಸುವುದು ಹೇಗೆಂಬುದು. ಗುರುಶಿಷ್ಯರಿಬ್ಬರೂ ನಗುತ್ತಾರೆ, ನಾವೂ ನಗುತ್ತೇವೆ. ಅದೇ ಕಂತಿನ ಕೊನೆಗೆ, ಹಿಮ ತುಂಬಿದ ಮುರುಕು ಕೋಣೆಯಲ್ಲಿ, ಆ ಗುರುವಿನ ಎಲುಬುಗೂಡು ಕುಳಿತಿರುವುದನ್ನು ಹುಡುಗ ಕಾಣುತ್ತಾನೆ. ಸುತ್ತ ಅಗ್ನಿಜನಪದದ ಸೈನಿಕರ ಎಲುಬುಗಳು. ಕೇಕಿನ ತಮಾಷೆಯನ್ನು ನೋಡಿದ್ದರಿಂದಲೇ ಆ ಎಲುಬುಗೂಡು ನಮ್ಮ ಎದೆಯನ್ನು ಇರಿಯುತ್ತದೆ. ಚಿತ್ರದಲ್ಲಿ ಎಲುಬುಗಳಿವೆ, ಕೇಕುಗಳಿಲ್ಲ. ನಗಲು ಬಾರದ, ಹುಬ್ಬು ಗಂಟಿಕ್ಕಿದ ಬಾಲಕನೊಬ್ಬ ದುಃಖಿಸುತ್ತಾನೆ. ಅವನು ಕಳೆದುಕೊಂಡದ್ದೇನೆಂದು ನಮಗೆ ತಿಳಿಯುವುದಿಲ್ಲ. ಆ ನಟ ನೋವಾ ರಿಂಗರ್ ಟೆಕ್ಸಸ್ಸಿನ ಹುಡುಗ, ಯುದ್ಧಕಲೆಯಲ್ಲಿ ನಿಪುಣ, ಇದು ಅವನ ಮೊದಲ ಚಿತ್ರ. ದೋಷ ಅವನದಲ್ಲ. ಹನ್ನೆರಡು ವರ್ಷದವನ ಮೇಲೆ ಲೋಕಭಾರ ಬಿದ್ದರೆ ಎಂಬುದು ಕಥೆ. ಹನ್ನೆರಡು ವರ್ಷದವನೇ ಇಲ್ಲದಿದ್ದರೆ ಉಳಿಯುವುದು ಬರಿಯ ಭಾರ.

ಮೂರನೆಯ ಉದಾಹರಣೆ ಚಿಕ್ಕದು, ಆದರೆ ನಮ್ಮ ಮಗಳು ಅದನ್ನು ಇಂದಿಗೂ ಕ್ಷಮಿಸಿಲ್ಲ. ಕಾರ್ಟೂನಿನಲ್ಲಿ ಮಣ್ಣನ್ನು ಬಾಗಿಸಬಲ್ಲವರನ್ನು ಶತ್ರುಗಳು ಸೆರೆಯಿಡುವುದು ಸಮುದ್ರದ ನಡುವೆ, ಪೂರ್ತಿ ಲೋಹದಿಂದ ಕಟ್ಟಿದ ಹಡಗುದಾಣದಲ್ಲಿ. ಕಣ್ಣು ಹಾಯಿಸಿದಷ್ಟು ದೂರವೂ ಹಿಡಿ ಮಣ್ಣಿಲ್ಲ. ಅವರ ಬಲವೆಲ್ಲ ಉಡುಗಿದೆ. ಕೊನೆಗೆ ಒಲೆಯ ಕಲ್ಲಿದ್ದಲೇ ಅವರಿಗೆ ನೆರವಾಗುತ್ತದೆ. ಮಗುವಿಗೂ ತಿಳಿಯುವ ಸೊಗಸಾದ ತರ್ಕ. ಚಿತ್ರದಲ್ಲಿ ಅವರನ್ನು ಸೆರೆಯಿಟ್ಟಿರುವುದು ಹಳ್ಳಿಯೊಂದರಲ್ಲಿ, ಮಣ್ಣಿನ ಮೇಲೆ, ಗುಡ್ಡಗಳ ನಡುವೆ. ನಿಮ್ಮ ಕಾಲಡಿಯಲ್ಲೇ ಮಣ್ಣಿದೆಯಲ್ಲ ಎಂದು ಬಾಲಕ ಬಂದು ನೆನಪಿಸುವವರೆಗೆ ಅವರು ಸುಮ್ಮನೆ ಇದ್ದಾರೆ. ಆ ಬಳಿಕವೂ ಆರು ಜನ ಕೂಡಿ ಕುಣಿದು ಕುಣಿದು ಎಬ್ಬಿಸುವುದು ಒಂದು ಕಲ್ಲನ್ನು, ಅದೂ ನಿಧಾನವಾಗಿ ತೇಲುತ್ತ ಹೋಗುವ ಕಲ್ಲನ್ನು. ಅಲ್ಲಿ ಇಡೀ ಚಿತ್ರಮಂದಿರ ನಕ್ಕಿತು. ಚಿತ್ರದುದ್ದಕ್ಕೂ ನಕ್ಕದ್ದು ಅದೊಂದೇ ಸಲ.

ಮೆಚ್ಚಬೇಕಾದುದನ್ನು ಮೆಚ್ಚಬೇಕು. ಕೊನೆಯಲ್ಲಿ ಸಮುದ್ರವೇ ಗೋಡೆಯಂತೆ ಏಳುವ ದೃಶ್ಯ ಪ್ರೆಸಿಡಿಯೋದ ತಂತ್ರಜ್ಞರ ಕೈಚಳಕಕ್ಕೆ ತಕ್ಕುದಾಗಿತ್ತು. ಗ್ರೀನ್‌ಲೆಂಡಿನ ನಿಜವಾದ ಹಿಮದಲ್ಲಿ ತೆಗೆದ ಆರಂಭದ ದೃಶ್ಯಗಳು ಸುಂದರವಾಗಿವೆ. ದೇವ್ ಪಟೇಲ್ ಮತ್ತು ಶಾನ್ ಟೌಬ್ ಕೈಲಾದಷ್ಟು ಜೀವ ತುಂಬಿದರು. ಇನ್ನೊಂದು ನ್ಯಾಯದ ಮಾತನ್ನೂ ಹೇಳಲೇಬೇಕು. ಮೂಲಕಥೆಯಲ್ಲಿ ಜೂಕೋ ಕೊನೆಗೆ ತಂದೆಯ ದಾರಿಯನ್ನು ತೊರೆದು ಧರ್ಮದ ಕಡೆಗೆ ಬರುತ್ತಾನೆ. ಅವನಿಗಿಂತ ದೊಡ್ಡ ಪಾತ್ರ ಆ ಕಥೆಯಲ್ಲಿ ಮತ್ತೊಂದಿಲ್ಲವೆಂದು ಹೇಳುವವರಿದ್ದಾರೆ, ನಾವೂ ಅವರಲ್ಲೊಬ್ಬರು. ಮೂರು ಚಿತ್ರಗಳ ಯೋಜನೆ ಪೂರ್ಣಗೊಂಡಿದ್ದರೆ ಕಂದು ಮುಖದ ಆ ರಾಜಕುಮಾರನೇ ಮೇಲೆದ್ದು ನಿಲ್ಲುತ್ತಿದ್ದ. ತಮ್ಮ ಚಿತ್ರದಲ್ಲಿ ಹಲವು ಜನಾಂಗಗಳಿಗೆ ಎಡೆಯಿದೆ, ಜಪಾನೀ ಶೈಲಿಯ ಕಾರ್ಟೂನಿನ ಮುಖಗಳಿಗೆ ಇಂಥದೇ ಜನಾಂಗವೆಂಬುದಿಲ್ಲ ಎಂದು ಶ್ಯಾಮಲನ್ ವಾದಿಸಿದರು. ಆದರೆ ಎರಡನೆಯ ಚಿತ್ರ ಬರಲೇ ಇಲ್ಲ. ಜಗತ್ತಿನಾದ್ಯಂತ ಸುಮಾರು 32 ಕೋಟಿ ಡಾಲರು ಗಳಿಸಿದರೂ, ರೋಜರ್ ಈಬರ್ಟರು ಅರ್ಧ ನಕ್ಷತ್ರ ಕೊಟ್ಟ, 2011ರಲ್ಲಿ ಅತಿ ಕೆಟ್ಟ ಚಿತ್ರವೆಂಬುದೂ ಸೇರಿ ಐದು ರಾಜಿ 'ಪ್ರಶಸ್ತಿ'ಗಳನ್ನು ಹೊತ್ತ ಚಿತ್ರದ ಮುಂದಿನ ಭಾಗಕ್ಕೆ ಯಾರೂ ಕೈಹಾಕಲಿಲ್ಲ. ಮೊದಲ ಭಾಗದಲ್ಲಿ ಯಾರು ಯಾರನ್ನು ಅಟ್ಟಿಕೊಂಡು ಹೋದರೋ ಅಷ್ಟೇ ಉಳಿಯಿತು.

ಯಕ್ಷಗಾನದಲ್ಲಿ ರಾವಣನ ವೇಷ ಕಟ್ಟುವವನಿಗೆ ಅವಮಾನವಿಲ್ಲ. ಬಣ್ಣದ ವೇಷಕ್ಕೆ ಸಿಗುವ ಪ್ರವೇಶದ ವೈಭವ ರಾಮನಿಗೂ ಸಿಗುವುದಿಲ್ಲ. ಇಂದು ರಾವಣನಾದವನು ನಾಳೆ ಇನ್ನೊಂದು ಪ್ರಸಂಗದಲ್ಲಿ ಹನುಮಂತನಾಗಬಹುದು. ಬಣ್ಣ ತೊಳೆದರೆ ಹೋಗುತ್ತದೆ. ಖಳರು ಭಾರತೀಯರಾದರೇನು ಎಂದು ಕೇಳುವ ಹಿರಿಯರಿಗೆ ನಾವು ಹೇಳುವುದಿಷ್ಟೆ. ಚೌಕಿಯಲ್ಲಿ ತೊಳೆದುಕೊಳ್ಳಬಹುದಾದ ಬಣ್ಣ ಬೇರೆ, ಶಾಲೆಗೆ ಹೊತ್ತುಕೊಂಡು ಹೋಗಬೇಕಾದ ಬಣ್ಣ ಬೇರೆ.

880ನೆಯ ಹೆದ್ದಾರಿಯಲ್ಲಿ ಮನೆಯ ಕಡೆ ಬರುವಾಗ ಮಗ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಕೇಳಿದ: "ಅಪ್ಪಾ, ನಮ್ಮ ಥರ ಕಾಣೋರೆಲ್ಲ ಫೈರ್ ನೇಷನ್ನಾ?" ಆಗ ನಮಗೆ ಹೊಳೆದ ಉತ್ತರ, ಅದು ಬರಿಯ ಸಿನಿಮಾ ಎಂಬುದು. ಅದು ಉತ್ತರವಲ್ಲವೆಂದು ಹೇಳುವಾಗಲೇ ನಮಗೆ ಗೊತ್ತಿತ್ತು. ಅಳುವ ಮುದುಕನೊಬ್ಬನ ಕಾರ್ಟೂನನ್ನು ಬರಿಯ ಕಾರ್ಟೂನೆಂದು ನಾವು ಎಂದೂ ಹೇಳಿರಲಿಲ್ಲವಲ್ಲ. ಹಿಂದಿನ ಆಸನದಿಂದ ತಾಯಿಯವರು, "ಹಾಸ್ಯಗಾರ ಇಲ್ಲದ ಆಟ ಅದು. ಮೇಳದವರು ದುಡ್ಡು ತಗೊಂಡು ಹೋದರು" ಎಂದರು. ಮಕ್ಕಳು ನಕ್ಕರು, ನಾವು ಬದುಕಿಕೊಂಡೆವು. ಆ ವರ್ಷದ ಹ್ಯಾಲೊವೀನಿಗೆ ಮಗ ನೀಲಿ ಬಾಣ ಬರೆಸಿಕೊಳ್ಳಲಿಲ್ಲ. ಹನ್ನೊಂದು ವರ್ಷವಾಗಿತ್ತು, ವೇಷದ ವಯಸ್ಸೇ ಕಳೆದಿರಬಹುದು. ಎಲ್ಲಕ್ಕೂ ಚಿತ್ರವನ್ನೇ ದೂರುವುದು ತರವಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲವೆಂಬುದು ಸಮಾಧಾನ. ಚಿತ್ರವನ್ನು ನೋಡೆನೆಂದ ಜೀನ್ ಯಾಂಗ್ ಅವರನ್ನೇ ಮೂಲಕಥೆಯ ಮುಂದಿನ ಭಾಗವನ್ನು ಚಿತ್ರಪುಸ್ತಕಗಳಾಗಿ ಬರೆಯಲು ಕರೆಯಲಾಯಿತು. ಮೊದಲ ಪುಸ್ತಕ 2012ರಲ್ಲಿ ಬಂದಿತು. ಅದೇ ವರ್ಷ ಮೂಲ ಸೃಷ್ಟಿಕರ್ತರು 'ದಿ ಲೆಜೆಂಡ್ ಆಫ್ ಕೋರಾ' ಎಂಬ ಉತ್ತರಕಥೆಯನ್ನು ಆರಂಭಿಸಿದರು. 2020ರ ಮೇ ತಿಂಗಳಲ್ಲಿ, ಮಹಾಮಾರಿಗೆ ಹೆದರಿ ನಾವೆಲ್ಲ ಬಾಗಿಲು ಹಾಕಿಕೊಂಡಿದ್ದಾಗ, ಹಳೆಯ ಕಾರ್ಟೂನು ನೆಟ್‌ಫ್ಲಿಕ್ಸಿಗೆ ಬಂದು ಹೊಸ ಪೀಳಿಗೆಯನ್ನು ಗಳಿಸಿತು. 2024ರ ಫೆಬ್ರವರಿ 22ರಂದು ಅದೇ ಸಂಸ್ಥೆ ನಟರಿಂದ ಆಡಿಸಿದ ಹೊಸ ಸರಣಿಯನ್ನು ಹೊರತಂದಿತು. ಸೃಷ್ಟಿಕರ್ತರಿಬ್ಬರೂ ಅಭಿಪ್ರಾಯಭೇದದಿಂದ 2020ರಲ್ಲಿಯೇ ಅದರಿಂದ ಹೊರನಡೆದಿದ್ದರು. ಈ ಸಲ ಮುಖಗಳು ಏಷ್ಯದ ಮತ್ತು ಮೂಲನಿವಾಸಿಗಳ ಮುಖಗಳು. ಹೆಸರುಗಳ ಉಚ್ಚಾರ ಮಾತ್ರ ಕಾರ್ಟೂನಿನದೇ.

ರಾಮಾಯಣದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕಿದನೆಂದು ಕುಮಾರವ್ಯಾಸ ಹೇಳಿದ ನಾಡಿನವರು ನಾವು. ಒಂದು ಕಥೆಯನ್ನು ಮತ್ತೆ ಹೇಳಬಾರದೆಂಬ ತಕರಾರು ನಮಗಿಲ್ಲ. ಹೊಸ ಸರಣಿಯ ಮೊದಲ ರಾತ್ರಿ ಮಗ ತನ್ನ ಮನೆಯಿಂದ ನಮ್ಮಲ್ಲಿಗೆ ಬಂದಿದ್ದ. ಎರಡು ಕಂತುಗಳನ್ನು ಕೂಡಿ ನೋಡಿದೆವು. ಹೇಗಿದೆಯೆಂದು ಕೇಳಿದಾಗ ತುಸು ಯೋಚಿಸಿ, "ಅಪ್ಪ ಚೆನ್ನಾಗಿದೆ" ಎಂದ. ಕೋಣದ ಮಾತೆಂದು ತಿಳಿಯಲು ನಮಗೆ ಒಂದು ಕ್ಷಣ ಬೇಕಾಯಿತು. ಬಳಿಕ ಅವನೇ ದೂರನಿಯಂತ್ರಕವನ್ನು ಎತ್ತಿಕೊಂಡು, ದೊಡ್ಡಪ್ಪ ಗುಡ್ಡದ ಮೇಲೆ ಕೂರುವ ಆ ಹಳೆಯ ಕಂತನ್ನು ಹುಡುಕತೊಡಗಿದ.